ಬೇಗೂರು ಸೀಮೆಯ ಹಿತ್ತಿಲಿನಲ್ಲಿ ಗಿಡಮರ: ನೆಡುವ ಕಾಲ ಮತ್ತು ಮೊದಲ ಬೇಸಿಗೆ

ಹಿತ್ತಿಲಿನಲ್ಲಿ ಒಂದು ನಿಂಬೆ, ಒಂದು ಸೀಬೆ, ಎರಡು ತೆಂಗು, ಬಚ್ಚಲ ಬಳಿ ಒಂದು ಕರಿಬೇವು ಇದ್ದರೆ ಮನೆಗೆ ಬೇಕಾದ ಹಣ್ಣು ಕಾಯಿಗಳಿಗೆ ಸಂತೆಯನ್ನು ಕಾಯಬೇಕಿಲ್ಲ. ಇದು ಎಲ್ಲರಿಗೂ ತಿಳಿದದ್ದೇ. ಆದರೂ ಗುಂಡ್ಲುಪೇಟೆ ತಾಲ್ಲೂಕಿನ ಬೇಗೂರಿನಂಥ ಕಡೆ ನೆಟ್ಟ ಸಸಿ ಒಣಗಿದಾಗ ರೈತರು ಮಣ್ಣನ್ನೋ ಸಸಿ ಕೊಟ್ಟವರನ್ನೋ ದೂರುತ್ತಾರೆ. ಮೊದಲು ನೋಡಬೇಕಾದದ್ದು ನೆಟ್ಟ ತಿಂಗಳನ್ನು.

1950ರಲ್ಲಿ ಅಂದಿನ ಕೇಂದ್ರ ಕೃಷಿ ಸಚಿವ ಕೆ.ಎಂ. ಮುನ್ಷಿಯವರು ವನಮಹೋತ್ಸವವನ್ನು ಆರಂಭಿಸಿದಂದಿನಿಂದ ಜುಲೈ ಎಂದರೆ ಸಸಿ ನೆಡುವ ತಿಂಗಳು ಎಂಬ ಭಾವನೆ ಬೇರೂರಿದೆ. ಮಲೆನಾಡಿಗೆ ಇದು ಸರಿ. ಬೇಗೂರು ಇರುವುದು ಘಟ್ಟದ ಮಳೆಯ ಮರೆಯಲ್ಲಿ. ಮುಂಗಾರಿನ ಮೋಡಗಳು ವೈನಾಡಿನ ಕಡೆಯಲ್ಲೇ ಬಹುಪಾಲು ನೀರನ್ನು ಸುರಿಸಿ ಬರುತ್ತವೆ. ಇಲ್ಲಿ ಮಳೆ ಎರಡು ಕಂತಿನಲ್ಲಿ ಬೀಳುತ್ತದೆ: ಭರಣಿ, ಕೃತ್ತಿಕೆಯ ಕಾಲಕ್ಕೆ ಒಂದು, ಉತ್ತರೆಯಿಂದ ಚಿತ್ತೆಯವರೆಗೆ ಇನ್ನೊಂದು. ನಡುವಿನ ಜೂನ್, ಜುಲೈ ತಿಂಗಳುಗಳಲ್ಲಿ ತುಂತುರಿಗಿಂತ ಗಾಳಿಯೇ ಹೆಚ್ಚು. ಹೊಸ ಸಸಿಯ ಬೇರು ಇನ್ನೂ ಮಣ್ಣು ಹಿಡಿದಿರುವುದಿಲ್ಲ. ಎಲೆಯಿಂದ ಗಾಳಿ ಎಳೆದುಕೊಳ್ಳುವಷ್ಟು ನೀರನ್ನು ಅದು ಒದಗಿಸಲಾರದು. ಮೋಡ ಮುಚ್ಚಿದ ದಿನವೂ ಸಸಿ ಬಾಡುವುದು ಇದರಿಂದಲೇ.

ಆದ್ದರಿಂದ ಮಳೆಯಾಶ್ರಯದಲ್ಲಿ ನೆಡುವವರು ಮೇ ತಿಂಗಳ ಮಳೆಗೆ ಮಣ್ಣು ಮೆದುವಾದಾಗ ಗುಣಿ ತೆಗೆದು, ಕೆಲವು ವಾರ ಬಿಸಿಲು ಕಾಣಿಸಿ, ಮೇಲ್ಮಣ್ಣು ಮತ್ತು ಕೊಟ್ಟಿಗೆ ಗೊಬ್ಬರದಿಂದ ತುಂಬಿಸಿಡಬೇಕು. ನಾಟಿಯನ್ನು ಹುಬ್ಬೆ, ಉತ್ತರೆ ಮಳೆಗೆ ಮಾಡಬೇಕು. ಆಗ ಸಸಿಗೆ ಒಂದೂವರೆ ಎರಡು ತಿಂಗಳ ತೇವವೂ ಇಳಿದ ಗಾಳಿಯೂ ಸಿಗುತ್ತವೆ. ಕೊಳವೆ ಬಾವಿ ಇದ್ದವರು ಜೂನ್‌ನಲ್ಲೇ ನೆಡಬಹುದು, ಆದರೆ ಪಡುವಣ ದಿಕ್ಕಿಗೆ ತೆಂಗಿನ ಗರಿಯ ತಡಿಕೆ ಕಟ್ಟದೆ ನೆಡಬಾರದು. ನುಗ್ಗೆಯ ಮಾತು ಬೇರೆ. ಅದರ ಬೀಜವನ್ನು ಗುಣಿಯಲ್ಲಿಯೇ ಬಿತ್ತಿದರೆ ಬೇರು ನೇರ ಆಳಕ್ಕಿಳಿಯುವುದರಿಂದ ಮೇ ಮಳೆಗೇ ಹಾಕಬಹುದು. ಪಿಕೆಎಂ-1, ಭಾಗ್ಯ ತಳಿಗಳು ಬೀಜದಿಂದ ಬಂದು ವರ್ಷದೊಳಗೆ ಕಾಯಿ ಕೊಡುತ್ತವೆ. ಮುಕ್ಕಾಲು ಮೀಟರ್ ಎತ್ತರವಾದಾಗ ಕುಡಿ ಚಿವುಟಿದರೆ ಕೈಗೆಟಕುವಷ್ಟಕ್ಕೇ ಕವಲೊಡೆಯುತ್ತದೆ.

ಗುಣಿಯ ಅಳತೆ ತೆಂಗಿಗೆ ಎಲ್ಲ ಕಡೆಯಿಂದ 1 ಮೀಟರ್, ನಿಂಬೆ ಮತ್ತು ಸೀಬೆಗೆ 60 ಸೆಂ.ಮೀ., ಕರಿಬೇವು, ದಾಸವಾಳ, ಮಲ್ಲಿಗೆಗೆ 45 ಸೆಂ.ಮೀ. ಸಾಕು. ಕೆಂಪು ಮಣ್ಣಿನಲ್ಲಿ ಗೆದ್ದಲಿನ ಕಾಟವಿರುವುದರಿಂದ ಹಸಿ ಗೊಬ್ಬರ ಹಾಕದೆ ಚೆನ್ನಾಗಿ ಕಳಿತದ್ದನ್ನೇ ಬೇವಿನ ಹಿಂಡಿಯೊಡನೆ ಬೆರೆಸಬೇಕು. ಎರೆ ಭೂಮಿಯಲ್ಲಿ ತೊಂದರೆ ತದ್ವಿರುದ್ಧ: ಗಟ್ಟಿ ನೆಲದಲ್ಲಿ ತೋಡಿದ ಗುಣಿ ನೀರು ಹಿಡಿಯುವ ಬಾನಿಯಂತಾಗಿ ಬೇರು ಕೊಳೆಯುತ್ತದೆ. ಅಲ್ಲಿ ಮರಳು ಬೆರೆಸಿ, ನೆಲಮಟ್ಟಕ್ಕಿಂತ ಒಂದು ಗೇಣು ಎತ್ತರದ ದಿಬ್ಬದ ಮೇಲೆ ನೆಡಬೇಕು. ಪ್ಲಾಸ್ಟಿಕ್ ಚೀಲವನ್ನು ಸೀಳಿ ತೆಗೆಯುವುದನ್ನು ಮರೆಯಬಾರದು. ಕಸಿ ಕಟ್ಟಿದ ಗಂಟು ಮಣ್ಣಿನ ಮೇಲಿರಬೇಕು. ಗಂಟಿನ ಕೆಳಗೆ ಒಡೆದ ಚಿಗುರು ಎಷ್ಟೇ ಹುಲುಸಾಗಿದ್ದರೂ ಕಿತ್ತುಹಾಕಬೇಕು. ಅದು ಬೇರುಗಿಡದ ಚಿಗುರು, ನೀವು ಹಣ ಕೊಟ್ಟು ತಂದ ತಳಿಯದಲ್ಲ.

ಮೊದಲ ಬೇಸಿಗೆಯೇ ಪರೀಕ್ಷೆ. ಫೆಬ್ರವರಿಯಿಂದ ಮೇ ಮಳೆಯವರೆಗೆ ದಿನವೂ ಒಂದೊಂದು ಚೊಂಬು ನೀರು ಸುರಿಯುವುದಕ್ಕಿಂತ ವಾರಕ್ಕೆರಡು ಬಾರಿ ಒಂದೊಂದು ಕೊಡ ಕೊಡುವುದು ಮೇಲು. ಚೊಂಬಿನ ನೀರು ಮೇಲ್ಪದರದಲ್ಲೇ ನಿಂತು ಬೇರನ್ನೂ ಮೇಲಕ್ಕೇ ಕರೆಯುತ್ತದೆ. ಇನ್ನೂ ಉಳಿತಾಯ ಬೇಕಾದವರು ತಳದಲ್ಲಿ ಸಣ್ಣ ತೂತು ಮಾಡಿ ಬಟ್ಟೆಯ ಬತ್ತಿ ತೂರಿಸಿದ ಮಡಕೆಯನ್ನು ಸಸಿಯಿಂದ ಒಂದಡಿ ದೂರ ಕುತ್ತಿಗೆಯವರೆಗೆ ಹೂಳಿ, ತುಂಬಿ, ಬಾಯಿ ಮುಚ್ಚಬಹುದು. ಪಾತಿಗೆ ರಾಗಿ ಹುಲ್ಲು ಅಥವಾ ತರಗೆಲೆಯ ಹೊದಿಕೆ ಇರಲಿ, ಕಾಂಡಕ್ಕೆ ತಾಗದಂತೆ.

ಬಚ್ಚಲ ನೀರು ಒಳ್ಳೆಯದೇ, ಆದರೆ ಸೋಪಿನ ನೀರನ್ನು ಮೊದಲು ಬಾಳೆಯ ಬುಡಕ್ಕೆ ಹರಿಸಿ, ಮಿಕ್ಕದ್ದು ತೆಂಗಿಗೆ ಹೋಗಲಿ. ನಿಂಬೆಯ ಕಾಂಡಕ್ಕೆ ಮಾತ್ರ ನೀರು ಸದಾ ತಾಗುತ್ತಿರಬಾರದು. ತೊಗಟೆ ಕೊಳೆತು ಅಂಟು ಸುರಿದು ಗಿಡ ಸಾಯುತ್ತದೆ. ಬುಡಕ್ಕೆ ಮಣ್ಣೇರಿಸಿ ಪಾತಿಯನ್ನು ಬಳೆಯಂತೆ ಹೊರಗೆ ಮಾಡಬೇಕು. ನಿಂಬೆ, ಕರಿಬೇವುಗಳ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವುದು ಚಿಟ್ಟೆಯ ಹುಳು. ಹಿತ್ತಿಲಿನ ಒಂದೆರಡು ಗಿಡಕ್ಕೆ ಔಷಧಿ ಸಿಂಪಡಿಸುವುದು ಅನಾವಶ್ಯಕ, ಅದೂ ನಾಳೆ ಸಾರಿಗೆ ಹಾಕುವ ಸೊಪ್ಪಿಗೆ. ಕೈಯಿಂದ ಆರಿಸಿ ತೆಗೆಯುವ ಕೆಲಸ ಮನೆಯ ಮಕ್ಕಳಿಗೇ ಆದೀತು.

ಬಂಡೀಪುರದ ಕಾಡಂಚಿನ ಊರುಗಳವರಿಗೆ ಇನ್ನೊಂದು ಮಾತು. ಹಲಸಿನ ವಾಸನೆಗೆ ಆನೆ ದೂರದಿಂದ ಬರುತ್ತದೆ. ಬಾಳೆಯನ್ನೂ ಅದು ಬಿಡುವುದಿಲ್ಲ. ಅಂಥ ಊರಿನಲ್ಲಿ ಇವೆರಡನ್ನೂ ಮನೆಯ ಗೋಡೆಗೆ ಹತ್ತಿರ ನೆಡಬೇಡಿ. ಬಚ್ಚಲ ನೀರಿಗೆ ಅಲ್ಲಿ ಬಾಳೆಯ ಬದಲು ಕಬಾಳೆ ಹೂವಿನ ಗಿಡ ಹಾಕಿದರಾಯಿತು.