ಹಸುವಿನ ಅಂಡಾಶಯದ ಹಳದಿ ಪಿಂಡ: ಅದರ ಕೋಶಗಳೂ ಅವುಗಳ ಕೆಲಸವೂ

ಕಾಫಿ, ಅಡಿಕೆಯ ಪತ್ರಿಕೆಯಲ್ಲಿ ಹಸುವಿನ ಅಂಡಾಶಯದ ವಿಚಾರವೇಕೆ ಎಂದು ಕೆಲವು ಸದಸ್ಯರಿಗೆ ಅನ್ನಿಸಬಹುದು. ಆದರೆ ಕೊಟ್ಟಿಗೆ ಬರಿದಾದರೆ ತೋಟಕ್ಕೆ ಗೊಬ್ಬರವಿಲ್ಲ. ಹಸು ವರ್ಷಾನುಗಟ್ಟಲೆ ಗೊಡ್ಡು ನಿಂತರೆ ಅದನ್ನು ಸಾಕುವ ಮನಸ್ಸೂ ಉಳಿಯುವುದಿಲ್ಲ. ಬೆದೆಗೆ ಬಾರದ ಹಸುವಿಗೆ ಪ್ರೋಸ್ಟಾಗ್ಲಾಂಡಿನ್ ಎಂಬ ಸೂಜಿಮದ್ದು ಇರುವುದನ್ನು ನಮ್ಮಲ್ಲಿ ಅನೇಕರು ಬಲ್ಲರು. ಅದನ್ನು ಹಾಕಿಸಿದ ಮೇಲೆ ಕೆಲವರ ಹಸು ಮೂರನೆಯ ದಿನವೇ ಬೆದೆಗೆ ಬರುತ್ತದೆ, ಕೆಲವರದು ಏನೂ ಆಗದಂತೆ ಮೇವು ತಿನ್ನುತ್ತಾ ನಿಂತಿರುತ್ತದೆ. ಇನ್ನೊಂದು ಹಸು ಕಂದು ಹಾಕುತ್ತದೆ. ಮದ್ದು ಒಂದೇ ಆದರೂ ಫಲ ಮೂರು ಬಗೆ. ಇದರ ಕಾರಣ ಅಂಡಾಶಯದಲ್ಲಿ ಆಗಾಗ ಹುಟ್ಟಿ ಅಳಿಯುವ, ಸುಲಿದ ಒಂದು ಅಡಿಕೆಯ ಗಾತ್ರದ ಅಂಗಾಂಶದಲ್ಲಿದೆ. ವಿಜ್ಞಾನದಲ್ಲಿ ಇದಕ್ಕೆ ಕಾರ್ಪಸ್ ಲೂಟಿಯಂ ಎಂದು ಹೆಸರು, ಎಂದರೆ ಹಳದಿ ಪಿಂಡ. ನಾವೂ ಹಾಗೆಯೇ ಕರೆಯೋಣ.

ಹಳದಿ ಪಿಂಡ ಹುಟ್ಟುವುದಕ್ಕೆ ಮೊದಲು ಅದರ ಜಾಗದಲ್ಲಿ ಏನಿತ್ತು ಎಂಬುದನ್ನು ನೋಡಬೇಕು. ಅಂಡಾಶಯದಲ್ಲಿ ಅಂಡವನ್ನು ಹೊತ್ತ ಒಂದು ನೀರುಗುಳ್ಳೆ ಬೆಳೆಯುತ್ತದೆ. ಈ ಗುಳ್ಳೆಯ ಗೋಡೆಗೆ ಎರಡು ಪದರ. ಹೊರಪದರದ ಕೋಶಗಳಿಗೆ ಥೀಕಾ ಕೋಶಗಳೆಂದೂ ಒಳಪದರದ ಕೋಶಗಳಿಗೆ ಗ್ರಾನ್ಯುಲೋಸಾ ಕೋಶಗಳೆಂದೂ ಹೆಸರು. ನಡುವೆ ಒಂದು ತೆಳುಪೊರೆ. ರಕ್ತನಾಳಗಳು ಹೊರಪದರದವರೆಗೆ ಮಾತ್ರ ಬರುತ್ತವೆ, ಪೊರೆ ದಾಟಿ ಒಳಗೆ ಹೋಗುವುದಿಲ್ಲ. ಹೊರಪದರದ ಕೋಶಗಳು ಗಂಡು ಹಾರ್ಮೋನಿನ ಜಾತಿಯ ಒಂದು ಕಚ್ಚಾ ಪದಾರ್ಥವನ್ನು ತಯಾರಿಸುತ್ತವೆ. ಅದು ಪೊರೆಯ ಮೂಲಕ ಇಳಿದು ಒಳಪದರಕ್ಕೆ ಬಂದಾಗ ಅಲ್ಲಿಯ ಕೋಶಗಳು ಅದನ್ನು ಈಸ್ಟ್ರೋಜನ್ ಆಗಿ ಪರಿವರ್ತಿಸುತ್ತವೆ. ಹಸು ಕೂಗುವುದು, ಬೇರೆ ಹಸುವಿನ ಮೇಲೆ ಹಾರುವುದು, ಲೋಳೆ ಸೋರುವುದು, ಎಲ್ಲವೂ ಈ ಈಸ್ಟ್ರೋಜನ್ನಿನ ಕೆಲಸ.

ಹೂಮಳೆ ಬಿದ್ದರೆ ಕಾಫಿಯ ಮೊಗ್ಗು ಅರಳುವ ಹಾಗೆ, ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಎಲ್.ಎಚ್. ಎಂಬ ಹಾರ್ಮೋನು ಒಮ್ಮೆಗೇ ಸುರಿದಾಗ ಗುಳ್ಳೆ ಒಡೆದು ಅಂಡ ಹೊರಬೀಳುತ್ತದೆ. ಹಸುವಿನಲ್ಲಿ ಇದು ಬೆದೆ ಮುಗಿದು ಸುಮಾರು 10ರಿಂದ 12 ಗಂಟೆಗಳ ಮೇಲೆ ಆಗುವ ಕ್ರಿಯೆ. ಒಡೆದ ಗೂಡು ಹಾಗೆಯೇ ಮುಚ್ಚಿಹೋಗುವುದಿಲ್ಲ. ನಡುವಿನ ಪೊರೆ ಕರಗುತ್ತದೆ, ಇದುವರೆಗೆ ಹೊರಗೇ ನಿಂತಿದ್ದ ರಕ್ತನಾಳಗಳು ಒಳಕ್ಕೆ ನುಗ್ಗುತ್ತವೆ, ಎರಡೂ ಪದರಗಳ ಕೋಶಗಳು ಮಡಿಕೆ ಮಡಿಕೆಯಾಗಿ ಬೆರೆತು ಗೂಡನ್ನು ತುಂಬುತ್ತವೆ. ಮೊದಲ ಕೆಲವು ದಿನ ಅದು ಕಡುಗೆಂಪಾದ ಮೆತ್ತನೆಯ ಗಂಟು. ವಾರ ಕಳೆಯುವಷ್ಟರಲ್ಲಿ ಗಟ್ಟಿಯಾಗಿ ಹಳದಿಗೆ ತಿರುಗಿ ಎರಡು, ಎರಡೂವರೆ ಸೆಂಟಿಮೀಟರಿನಷ್ಟು ಬೆಳೆಯುತ್ತದೆ.

ಹಳದಿ ಬಣ್ಣ ಎಲ್ಲಿಂದ ಬಂತು? ಹಸಿರು ಮೇವಿನ ಕ್ಯಾರೋಟೀನಿನಿಂದ. ಹಸುವಿನ ತುಪ್ಪ ಹಳದಿ, ಎಮ್ಮೆಯ ತುಪ್ಪ ಬಿಳುಪು ಎಂಬುದು ನಮ್ಮ ಮನೆಯ ಹೆಂಗಸರಿಗೆ ಗೊತ್ತಿರುವ ಮಾತೇ. ಅಂಡಾಶಯದಲ್ಲೂ ಅದೇ ಕಥೆ. ಎಮ್ಮೆಯ ‘ಹಳದಿ ಪಿಂಡ’ ಹಳದಿಯಾಗಿರುವುದಿಲ್ಲ, ಬೂದು ಬಣ್ಣಕ್ಕೋ ನಸುಗೆಂಪಿಗೋ ಇರುತ್ತದೆ. ಗಾತ್ರದಲ್ಲೂ ಕಿರಿದು. ಹೆಸರಿಟ್ಟವರು ಎಮ್ಮೆಯನ್ನು ನೋಡಿರಲಿಲ್ಲವೆಂದು ಕಾಣುತ್ತದೆ!

ಈ ಪಿಂಡದ ತೆಳು ಹೋಳನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಹಾರ್ಮೋನು ತಯಾರಿಸುವ ಎರಡು ಜಾತಿಯ ಕೋಶಗಳು ಕಾಣುತ್ತವೆ. ಒಳಪದರದಿಂದ ಬಂದವು ದೊಡ್ಡ ಕೋಶಗಳು. ಅಡ್ಡಗಲ 25 ಮೈಕ್ರಾನ್ ಮೀರಿದವು. (ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ಒಂದು ಮೈಕ್ರಾನ್.) ಹೊರಪದರದಿಂದ ಬಂದವು ಚಿಕ್ಕವು, ಹತ್ತರಿಂದ ಇಪ್ಪತ್ತು ಮೈಕ್ರಾನ್. ಎಣಿಕೆಯಲ್ಲಿ ದೊಡ್ಡ ಕೋಶಗಳು ನೂರಕ್ಕೆ ನಾಲ್ಕರಷ್ಟೂ ಇಲ್ಲ. ಆದರೆ ಪಿಂಡದ ಗಾತ್ರದಲ್ಲಿ ನೂರಕ್ಕೆ ಸುಮಾರು 40 ಪಾಲು ಅವುಗಳದ್ದೇ. ಎಣಿಕೆಯಲ್ಲಿ ಅರ್ಧದಷ್ಟಿರುವುದು ಹಾರ್ಮೋನಿನ ಕೋಶಗಳಲ್ಲ, ರಕ್ತನಾಳದ ಗೋಡೆಯ ಕೋಶಗಳು. ಇದು ಸಹಜವೇ. ತಯಾರಿಸಿದ ಸರಕನ್ನು ಈ ಕೋಶಗಳು ದಾಸ್ತಾನು ಇಡುವುದಿಲ್ಲ, ಆಗಿಂದಾಗ್ಗೆ ರಕ್ತಕ್ಕೆ ಸಾಗಿಸುತ್ತವೆ. ಹಾಗಾಗಿ ಹೆಚ್ಚುಕಡಮೆ ಪ್ರತಿಯೊಂದು ಕೋಶದ ಬಾಗಿಲಿಗೂ ಒಂದು ಸಣ್ಣ ರಕ್ತನಾಳ ಬಂದು ನಿಂತಿರುತ್ತದೆ.

ತಯಾರಾಗುವ ಸರಕು ಪ್ರೊಜೆಸ್ಟರೋನ್. ಅದಕ್ಕೆ ಮೂಲ, ರಕ್ತದಲ್ಲಿ ಬರುವ ಕೊಲೆಸ್ಟರಾಲ್. ಮೊದಲು ಮೈಟೋಕಾಂಡ್ರಿಯಾ ಎಂಬ ಕಣಗಳೊಳಗೆ ಅದರ ಬಾಲ ಕತ್ತರಿಸಲ್ಪಡುತ್ತದೆ. ಬೇರೆ ಕೋಶಗಳ ಮೈಟೋಕಾಂಡ್ರಿಯಾದಲ್ಲಿ ಒಳಮಡಿಕೆಗಳು ಹಲಗೆಯಂತಿದ್ದರೆ ಇಲ್ಲಿ ಕೊಳವೆಯಂತೆ ಇರುವುದೇ ಹೆಚ್ಚು. ಇಂಥ ಹಾರ್ಮೋನು ತಯಾರಿಸುವ ಕೋಶವನ್ನು ಗುರುತಿಸಲು ಇದೂ ಒಂದು ಲಕ್ಷಣ. ಅಲ್ಲಿಂದ ಹೊರಬಂದ ಪದಾರ್ಥ ಕೋಶದ ತುಂಬ ಹೆಣೆದುಕೊಂಡಿರುವ ನುಣುಪಾದ ಪೊರೆಜಾಲದಲ್ಲಿ ಪ್ರೊಜೆಸ್ಟರೋನ್ ಆಗುತ್ತದೆ. ಚಿಕ್ಕ ಕೋಶಗಳು ಎಲ್.ಎಚ್. ಬಂದು ತಟ್ಟಿದರೆ ಕೆಲಸವನ್ನು ಬಹಳ ಚುರುಕುಗೊಳಿಸುತ್ತವೆ. ದೊಡ್ಡವು ಯಾರೂ ಹೇಳದಿದ್ದರೂ ಒಂದೇ ಸಮನೆ ದುಡಿಯುತ್ತವೆ. ಆಳುಗಳಲ್ಲಿ ಎರಡು ಬಗೆಯನ್ನು ಕಂಡವರಿಗೆ ಇದು ಹೊಸದಲ್ಲ.

ಪ್ರೊಜೆಸ್ಟರೋನ್ ಇರುವವರೆಗೆ ಹಸು ಬೆದೆಗೆ ಬರುವುದಿಲ್ಲ, ಗರ್ಭಕೋಶ ಶಾಂತವಾಗಿ ಕರುವಿಗೆ ಜಾಗ ಸಿದ್ಧಪಡಿಸುತ್ತದೆ. ಹಳದಿ ಪಿಂಡವನ್ನು ತೆಗೆದರೆ ಗಬ್ಬ ನಿಲ್ಲದೆಂಬುದನ್ನು ಮೊಲಗಳಲ್ಲಿ ತೋರಿಸಿದವನು ಜರ್ಮನಿಯ ಲುಡ್‌ವಿಗ್ ಫ್ರೆಂಕೆಲ್, 1903ರಲ್ಲಿ. 1929ರಲ್ಲಿ ಅಮೆರಿಕದ ಕಾರ್ನರ್ ಮತ್ತು ಅಲೆನ್ ಎಂಬವರು ಪಿಂಡದ ಸಾರವನ್ನೇ ಚುಚ್ಚಿ, ಅಂಡಾಶಯ ತೆಗೆದ ಮೊಲಗಳಲ್ಲಿ ಗಬ್ಬ ಉಳಿಸಿದರು.

ಇನ್ನು ಪಿಂಡ ಅಳಿಯುವ ಬಗೆ. ದೊಡ್ಡ ಕೋಶಗಳಲ್ಲಿ ಆಕ್ಸಿಟೋಸಿನ್ ತುಂಬಿದ ಸಣ್ಣ ಕಣಗಳೂ ಇವೆ. ಬೆದೆಯಾಗಿ 16, 17ನೆಯ ದಿನದ ಹೊತ್ತಿಗೆ ಗಬ್ಬವಿಲ್ಲದಿದ್ದರೆ ಗರ್ಭಕೋಶವು ಪ್ರೋಸ್ಟಾಗ್ಲಾಂಡಿನ್ ಸ್ರವಿಸತೊಡಗುತ್ತದೆ. ಗರ್ಭಕೋಶದಿಂದ ಹೊರಡುವ ರಕ್ತನಾಳಕ್ಕೆ ಅಂಡಾಶಯಕ್ಕೆ ಹೋಗುವ ರಕ್ತನಾಳ ಮೆಣಸಿನ ಬಳ್ಳಿಯಂತೆ ಸುತ್ತಿಕೊಂಡಿರುವುದರಿಂದ ಅದು ಒಂದರಿಂದ ಇನ್ನೊಂದಕ್ಕೆ ನೇರವಾಗಿ ದಾಟುತ್ತದೆ. ತಗುಲಿದೊಡನೆ ದೊಡ್ಡ ಕೋಶಗಳು ತಮ್ಮಲ್ಲಿದ್ದ ಆಕ್ಸಿಟೋಸಿನ್ ಬಿಡುತ್ತವೆ. ಅದು ಗರ್ಭಕೋಶದಿಂದ ಇನ್ನಷ್ಟು ಪ್ರೋಸ್ಟಾಗ್ಲಾಂಡಿನ್ ಬರಿಸುತ್ತದೆ. ಹೀಗೆ ಪಿಂಡ ತನ್ನ ಸಾವಿಗೆ ತಾನೇ ನೆರವಾಗುತ್ತದೆ. ಪ್ರೊಜೆಸ್ಟರೋನ್ ಇಳಿಯುತ್ತದೆ, ಮುಂದಿನ ಗುಳ್ಳೆ ಬೆಳೆಯುತ್ತದೆ, ಸುಮಾರು 21ನೆಯ ದಿನಕ್ಕೆ ಮತ್ತೆ ಬೆದೆ. ಗಬ್ಬ ಕಟ್ಟಿದ್ದರೆ ಇದೇ ಹೊತ್ತಿಗೆ ಭ್ರೂಣವು ಇಂಟರ್‌ಫೆರಾನ್ ಟೌ ಎಂಬ ಪದಾರ್ಥವನ್ನು ಬಿಟ್ಟು ಗರ್ಭಕೋಶವನ್ನು ತಡೆಯುತ್ತದೆ; ಪಿಂಡ ಉಳಿಯುತ್ತದೆ.

ಸೂಜಿಮದ್ದು ಮಾಡುವುದೂ ಈ ಅಳಿಸುವ ಕೆಲಸವನ್ನೇ. ಅಳಿಸಲು ಪಿಂಡವಿರಬೇಕು. ಮೇವು ಸಾಲದೆ ಬಡವಾಗಿ ಅಂಡಾಶಯವೇ ನಿದ್ರಿಸುತ್ತಿರುವ ಹಸುವಿನಲ್ಲಿ ಅದು ಇರುವುದಿಲ್ಲ. ಅಂಥದಕ್ಕೆ ಮೊದಲು ಬೇಕಾದದ್ದು ಹಿಂಡಿ, ಹಸಿರು ಮೇವು, ಲವಣ ಮಿಶ್ರಣ. ಬೆದೆಯಾಗಿ ಐದು ದಿನದೊಳಗಿನ ಎಳೆಯ ಪಿಂಡವೂ ಮದ್ದಿಗೆ ಬಗ್ಗುವುದಿಲ್ಲ. ಅನಂತರದ ಬಲಿತ ಪಿಂಡ ಬಗ್ಗುತ್ತದೆ, ಎರಡರಿಂದ ಐದು ದಿನದಲ್ಲಿ ಬೆದೆ ಕಾಣುತ್ತದೆ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸಬೇಕು.

ಮದ್ದಿಗೆ ಗಬ್ಬದ ಪಿಂಡವೂ ಒಂದೇ, ಬರಿ ಪಿಂಡವೂ ಒಂದೇ. ನಮ್ಮ ಕೊಟ್ಟಿಗೆಯಲ್ಲೇ ಒಮ್ಮೆ ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ, ಮೇಯಲು ಹೋದ ಹಸುವಿಗೆ ಹೋರಿ ಹಾರಿದ್ದನ್ನು ಯಾರೂ ಗಮನಿಸಲಿಲ್ಲ. ಎರಡು ತಿಂಗಳು ಬೆದೆ ಕಾಣಲಿಲ್ಲವೆಂದು ನಾವೇ ಆತುರಪಟ್ಟು, ಒಳಪರೀಕ್ಷೆಗೂ ಕಾಯದೆ ಸೂಜಿ ಹಾಕಿಸಿದೆವು. ನಾಲ್ಕನೆಯ ದಿನ ಹಸು ಕಂದು ಹಾಕಿತು. ಗಬ್ಬದ ಮೊದಲ ಐದು ತಿಂಗಳು ಈ ಅಪಾಯ ಪೂರ್ತಿಯಾಗಿ ಇರುತ್ತದೆ. ಗಬ್ಬದ ಹಸುಗಳಲ್ಲೂ ಕೆಲವು ಬೆದೆಯ ಲಕ್ಷಣ ತೋರುವುದುಂಟು; ಆದುದರಿಂದ ಕಣ್ಣಂದಾಜು ನೆಚ್ಚುವಂತಿಲ್ಲ. ಪಶುವೈದ್ಯರು ಗುದದ್ವಾರದಿಂದ ಕೈ ಹಾಕಿ ಗರ್ಭಕೋಶವನ್ನೂ ಅಂಡಾಶಯವನ್ನೂ ಮುಟ್ಟಿ ನೋಡಿದ ಮೇಲೆಯೇ ಸೂಜಿ. ಅವರಿಗೆ ತೋರಿಸಲು ಹಸುವಿನ ಬೆದೆಯ ದಿನ, ಗರ್ಭಧಾರಣೆಯ ದಿನಗಳನ್ನು ಕೊಟ್ಟಿಗೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಬೇಕು. ಈ ಮದ್ದು ಚರ್ಮದ ಮೂಲಕವೂ ಮೈಗೆ ಸೇರುವುದರಿಂದ ಮನೆಯಲ್ಲಿ ಬಸುರಿಯರು, ಉಬ್ಬಸದವರು ಅದರ ಸೀಸೆಯನ್ನು ಮುಟ್ಟಕೂಡದು. ಕೈಗೆ ಚೆಲ್ಲಿದರೆ ಕೂಡಲೇ ಸೋಪು ಹಾಕಿ ತೊಳೆಯಬೇಕು.