ಎಣ್ಣಿ ಹಚ್ಚಬ್ಯಾಡ್ರಿ

ಮರೆವಿನ ತಪಾಸಣೆಗೆ ಬರುವ ಹಿರಿಯರ ಇಇಜಿ, ಅಂದರೆ ಮಿದುಳಿನ ಅಲೆಗಳ ದಾಖಲೆ, ತೆಗೆಯುವುದು ನನ್ನ ಕೆಲಸ. ಘಟಪ್ರಭೆ ದಂಡೆಯ ಅನಗವಾಡಿ, ಬೀಳಗಿ ಕಡೆಯವರೇ ಹೆಚ್ಚು. ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ನಾನು ಹೇಳುವುದು ಇಷ್ಟು.

1. ಹಿಂದಿನ ದಿನವೇ ಫೋನು ಮಾಡಿ, "ತಲಿ ತೊಳಕೊಂಡು ಬರ್ರಿ, ಎಣ್ಣಿ ಹಚ್ಚಬ್ಯಾಡ್ರಿ" ಅನ್ನಿ. ಆದರೂ ಹಚ್ಚಿಕೊಂಡೇ ಬರುತ್ತಾರೆ. ಪರವೂರಿಗೆ ಹೊರಟವರು ಒಣತಲೆಯಲ್ಲಿ ಬಸ್ ಹತ್ತುತ್ತಾರೆಯೇ? ಚರ್ಮ ಉಜ್ಜಿ, ಪೇಸ್ಟ್ ಹಚ್ಚಿ, ಎಲೆಕ್ಟ್ರೋಡಿನ ತಡೆ 5 ಕಿಲೋಓಮ್‌ಗಿಂತ ಕೆಳಗಿಳಿಸಿ. ಆಯಿಯ ತುರುಬು ಬಿಚ್ಚಿಸುವಾಗ ಮಗಳೋ ಸೊಸೆಯೋ ಪಕ್ಕದಲ್ಲಿರಲಿ. ಬಿಚ್ಚದೆ ಗತಿಯಿಲ್ಲ. ಕಣ್ಣು ಮುಚ್ಚಿದಾಗ ಸೆಕೆಂಡಿಗೆ 8ರಿಂದ 13 ಸಲ ಏರಿಳಿಯುವ ಆಲ್ಫಾ ಅಲೆ, ಹ್ಯಾನ್ಸ್ ಬರ್ಗರ್ 1929ರಲ್ಲಿ ಜಗತ್ತಿಗೆ ತೋರಿಸಿದ ಅಲೆ, ಚೆನ್ನಾಗಿ ಕಾಣುವುದು ತಲೆಯ ಹಿಂಭಾಗದಲ್ಲೇ, ತುರುಬಿನ ಅಡಿಯಲ್ಲೇ.

2. ಬಾಯಲ್ಲಿ ಎಲೆ-ಅಡಿಕೆ ಇದ್ದರೆ ಉಗುಳಿಸಿ. ದವಡೆ ಆಡಿದರೆ ಕಣತಲೆಯ ಗೆರೆಗಳೆಲ್ಲ ಮುಳ್ಳುಮುಳ್ಳು.

3. ನಸುಕಿನ ಬಸ್ಸಿಗೆ ಬಂದವರು ಕಣ್ಣು ಮುಚ್ಚಿದ ಕೂಡಲೇ ತೂಕಡಿಸುತ್ತಾರೆ. ಆಗ ಆಲ್ಫಾ ಚದುರಿ ನಿಧಾನದ ಥೀಟಾ ಅಲೆ ಬರುತ್ತದೆ. ಆಲ್ಜೈಮರ್‌ನಲ್ಲೂ ಅಲೆಗಳು ನಿಧಾನವಾಗುತ್ತವೆ, ತೂಕಡಿಕೆಯನ್ನು ಕಾಯಿಲೆ ಎಂದುಕೊಳ್ಳಬಾರದು. "ಅಜ್ಜಾರ, ಕಣ್ಣ ತೆರೀರಿ" ಎಂದು ನಡುನಡುವೆ ಎಚ್ಚರಿಸಿ, ಎಚ್ಚರಿಸಿದ ಕ್ಷಣವನ್ನು ದಾಖಲೆಯಲ್ಲೇ ಗುರುತು ಮಾಡಿ.

4. ಜ್ಞಾಪಕಶಕ್ತಿ ಪರೀಕ್ಷೆಯ ಪ್ರಶ್ನೆಗಳಲ್ಲಿ ತಾರೀಖಿಗೆ ಗಂಟು ಬೀಳಬೇಡಿ. ಶಾಲೆ ಕಾಣದವರಿಗೆ ಅಮಾವಾಸ್ಯೆ ಗೊತ್ತು, ಸಂತೆಯ ದಿನ ಗೊತ್ತು. ಮನೆಯ ಪ್ರಶ್ನೆ ಇನ್ನೂ ನಾಜೂಕು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಿಂದಾಗಿ ಈ ಸೀಮೆಯ ಎಷ್ಟೋ ಊರುಗಳು ಎದ್ದು ಪುನರ್ವಸತಿ ಕೇಂದ್ರ ಸೇರಿವೆ. "ನಿಮ್ಮ ಮನಿ ಎಲ್ಲೈತ್ರಿ?" ಎಂದರೆ ಅಜ್ಜ ಅಗಸಿ, ಹಣಮಪ್ಪನ ಗುಡಿ, ಬೇವಿನ ಗಿಡ ಎಂದು ಮುಳುಗಿದ ಮನೆಯ ಗುರುತು ಹೇಳುತ್ತಾನೆ. ಅದಕ್ಕೆ ಸೊನ್ನೆ ಹಾಕುವುದು ಅನ್ಯಾಯ. "ನಿನ್ನೆ ರಾತ್ರಿ ಎಲ್ಲಿ ಮಲಗಿದ್ರಿ?" ಎಂದು ಕೇಳಿ, ಬಂದ ಉತ್ತರವನ್ನು ಮಗನ ಹತ್ತಿರ ತಾಳೆ ನೋಡಿ.

5. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸುಪ್ರತಿಮ್ ರೇ ಅವರ ತಂಡ ಹಿರಿಯರಿಗೆ ಪರದೆಯ ಮೇಲೆ ಪಟ್ಟೆಗಳನ್ನು ತೋರಿಸಿ ಇಇಜಿ ತೆಗೆಯಿತು. ವಯಸ್ಸಾದಂತೆ ಗಾಮಾ ಅಲೆ ಕುಗ್ಗುವುದು 2020ರಲ್ಲಿ, ಮರೆವಿನ ಕಾಯಿಲೆಯಲ್ಲಿ ಇನ್ನಷ್ಟು ಕುಗ್ಗುವುದು 2021ರಲ್ಲಿ ಪ್ರಕಟವಾಯಿತು. ಅವರು ನೋಡಿದ ವೇಗದ ಗಾಮಾ 36ರಿಂದ 66 ಹರ್ಟ್ಸ್. ನಮ್ಮ ಮನೆಗಳ ಕರೆಂಟು 50, ಅದರ ನಡುವೆಯೇ ಬೀಳುತ್ತದೆ. ಅರ್ಥಿಂಗ್ ಕೆಟ್ಟ ಕೋಣೆಯಲ್ಲಿ ಇಂಥ ದಾಖಲೆಗೆ ಕೈಹಾಕಲೇಬೇಡಿ.

6. "ಏನ ಬಂತ್ರಿ ರಿಪೋರ್ಟಿನ್ಯಾಗ?" ಎಂದು ಮನೆಯವರು ಕೇಳುತ್ತಾರೆ. ಇಇಜಿ ಒಂದರಿಂದಲೇ ಆಲ್ಜೈಮರ್ ಎನ್ನಲಾಗದು. ಬಿ12 ಕೊರತೆ, ಥೈರಾಯ್ಡ್, ಖಿನ್ನತೆಯಿಂದಲೂ ಮರೆವು ಬರುತ್ತದೆ, ಇವಕ್ಕೆ ಚಿಕಿತ್ಸೆಯಿದೆ. ವೈದ್ಯರು ಅವನ್ನೆಲ್ಲ ನೋಡಿ ಹೇಳುತ್ತಾರೆ. ನಾವು ಹೇಳಬೇಕಾದ್ದು, ಪೇಸ್ಟ್ ಬಿಸಿನೀರಿಗೆ ಹೋಗುತ್ತದೆ ಎಂದಷ್ಟೇ.