ಪರದೇಶಕ್ಕೆ ಹೊರಟ ವಿದ್ಯಾರ್ಥಿಯ ಮೊಬೈಲ್

ಜರ್ಮನಿಯ ನೈಋತ್ಯ ಭಾಗದಲ್ಲಿ ಕಾರ್ಲ್ಸ್‌ರೂಹ ಎಂಬ ನಗರವಿದೆ. 1886ರಿಂದ 1888ರವರೆಗೆ ಅಲ್ಲಿಯ ತಾಂತ್ರಿಕ ವಿದ್ಯಾಲಯದಲ್ಲಿ ಹೈನ್‌ರಿಕ್ ಹರ್ಟ್ಸ್ ಎಂಬ ತರುಣ ಪ್ರಾಧ್ಯಾಪಕನು ಒಂದು ಪ್ರಯೋಗಮಾಲೆಯನ್ನು ನಡೆಸಿದನು. ಲೋಹದ ಎರಡು ಗುಂಡುಗಳ ನಡುವೆ ವಿದ್ಯುತ್ ಕಿಡಿ ಹಾರಿದಾಗ, ದೂರದಲ್ಲಿಟ್ಟಿದ್ದ ತಂತಿಯ ಬಳೆಯ ಕಿರಿದಾದ ಸಂದಿನಲ್ಲಿಯೂ ಒಂದು ಸಣ್ಣ ಕಿಡಿ ಕಾಣಿಸಿಕೊಂಡಿತು. ಇವೆರಡರ ನಡುವೆ ಯಾವ ತಂತಿಯೂ ಇರಲಿಲ್ಲ. ಮ್ಯಾಕ್ಸ್‌ವೆಲ್ ಗಣಿತದಿಂದ ಕಂಡುಕೊಂಡಿದ್ದ ವಿದ್ಯುತ್ಕಾಂತ ಅಲೆಗಳು ನಿಜವಾಗಿಯೂ ಉಂಟೆಂಬುದು ಹೀಗೆ ಸಿದ್ಧವಾಯಿತು. ಇಂದು ನಮ್ಮ ಜೇಬಿನಲ್ಲಿರುವ ಮೊಬೈಲ್ ಮಾತನಾಡುವುದು ಈ ಅಲೆಗಳ ಮೂಲಕವೇ.

ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ಭೌತವಿಜ್ಞಾನವನ್ನು ಓದಿದ ವಿದ್ಯಾರ್ಥಿಯೊಬ್ಬನು ಇದೇ ಊರಿಗೆ ಹೆಚ್ಚಿನ ವ್ಯಾಸಂಗಕ್ಕಾಗಿ ಹೋದನು. ಹೊರಡುವ ವಾರ ಇಲ್ಲಿಯೇ ಅಗ್ಗವಾಗಿ ದೊರೆತ ಹೊಸ ಫೋನೊಂದನ್ನು ಕೊಂಡಿದ್ದನು. ಅಲ್ಲಿಯ ಬೀದಿಯಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡಿತು. ತಾತ್ಕಾಲಿಕವಾಗಿ ಇಳಿದುಕೊಂಡಿದ್ದ ಕೊಠಡಿಯೊಳಗೆ ಮಾತ್ರ, ಸಂಕೇತದ ಗೆರೆಗಳೆಲ್ಲ ತುಂಬಿದಂತೆ ಕಂಡರೂ, ಅಂತರಜಾಲದಿಂದ ಒಂದು ಸಂದೇಶವೂ ಒಳಗೆ ಬರುತ್ತಿರಲಿಲ್ಲ. ಬಾಡಿಗೆ ಕೋಣೆಗಾಗಿ ಹತ್ತಾರು ಮನೆಗಳಿಗೆ ಅವನು ಬರೆದಿದ್ದನು. ಒಂದು ಸಂಜೆ ಒಬ್ಬ ಮನೆಯೊಡತಿ, “ನಾಳೆ ಬೆಳಿಗ್ಗೆ ಎಂಟಕ್ಕೆ ಬಂದು ಕೋಣೆಯನ್ನು ನೋಡಿ” ಎಂದು ಸಂದೇಶ ಕಳುಹಿಸಿದರು. ಅದು ಅವನ ಕಣ್ಣಿಗೆ ಬಿದ್ದದ್ದು ಮರುದಿನ ಒಂಬತ್ತೂವರೆಗೆ, ಬೀದಿಗಿಳಿದ ಮೇಲೆ. ಅಷ್ಟರಲ್ಲಿ ಕೋಣೆ ಇನ್ನೊಬ್ಬರ ಪಾಲಾಗಿತ್ತು.

“ಸರ್, ಕೆಟ್ಟಿರುವುದು ಫೋನೋ, ಸಿಮ್ಮೋ?” ಎಂದು ಅವನು ನಮಗೆ ಬರೆದು ಕೇಳಿದನು. ಸಿಮ್ಮನ್ನು ಪಕ್ಕದ ಕೊಠಡಿಯವನ ಫೋನಿಗೆ ಹಾಕಿ ನೋಡೆಂದು ತಿಳಿಸಿದೆವು. ಅದೇ ಸಿಮ್ ಅದೇ ಕೊಠಡಿಯಲ್ಲಿ ಆ ಫೋನಿನಿಂದ ಸರಾಗವಾಗಿ ಕೆಲಸ ಮಾಡಿತು. ಹಾಗಾದರೆ ಅವನ ಫೋನು ಕೆಟ್ಟಿತ್ತೇ? ಅದೂ ಇಲ್ಲ. ಆ ಊರಿನ ಅಲೆಗಳಲ್ಲಿ ಒಂದನ್ನು ಕೇಳುವ ಕಿವಿ ಅದಕ್ಕೆ ಇರಲಿಲ್ಲ, ಅಷ್ಟೆ. ಹರ್ಟ್ಸನ ಪ್ರಯೋಗವನ್ನು ಅವನಿಗೆ ಪಾಠ ಹೇಳಿದವರು ನಾವೇ. ಆ ಪಾಠವನ್ನು ಅವನ ಜೇಬಿನವರೆಗೆ ತರಲಿಲ್ಲವೆಂಬ ಕೊರತೆ ನಮ್ಮ ಮನಸ್ಸಿನಲ್ಲಿ ಉಳಿಯಿತು. ಆ ಕೊರತೆಯನ್ನು ಇಲ್ಲಿ ತುಂಬಲು ಯತ್ನಿಸುವೆವು.

ಅಲೆಯ ಉದ್ದವೂ ಕೊಠಡಿಯ ಗೋಡೆಯೂ

ಅಲೆಯು ಒಂದು ಸೆಕೆಂಡಿನಲ್ಲಿ ಎಷ್ಟು ಬಾರಿ ಕಂಪಿಸುವುದೋ ಅದು ಅದರ ಆವೃತ್ತಿ. ಈ ಅಳತೆಯ ಮಾನಕ್ಕೆ ಹರ್ಟ್ಸನ ಹೆಸರನ್ನೇ ಇಟ್ಟಿದ್ದಾರೆ. ಸೆಕೆಂಡಿಗೆ ಹತ್ತು ಲಕ್ಷ ಕಂಪನಗಳಾದರೆ ಅದು ಒಂದು ಮೆಗಾಹರ್ಟ್ಸ್. ಅಲೆಯ ವೇಗವು ಸೆಕೆಂಡಿಗೆ ಸುಮಾರು 30 ಕೋಟಿ ಮೀಟರು. ಈ ವೇಗವನ್ನು ಆವೃತ್ತಿಯಿಂದ ಭಾಗಿಸಿದರೆ ತರಂಗದೂರ, ಎಂದರೆ ಅಲೆಯ ಒಂದು ಶಿಖರದಿಂದ ಮುಂದಿನ ಶಿಖರದವರೆಗಿನ ಅಂತರ, ದೊರೆಯುತ್ತದೆ. ಲೆಕ್ಕ ಹಾಕಿದರೆ 800 ಮೆಗಾಹರ್ಟ್ಸ್ ಅಲೆಯ ಉದ್ದ 37.5 ಸೆಂಟಿಮೀಟರು, 1800ರದು ಸುಮಾರು 16.7, 2600ರದು ಸುಮಾರು 11.5; 5ಜಿ ಸೇವೆಯಲ್ಲಿ ಬಳಕೆಯಾಗುವ 3500ರದು ಸುಮಾರು 8.6 ಸೆಂಟಿಮೀಟರು.

ಈ ಉದ್ದಗಳ ವ್ಯತ್ಯಾಸ ಸಣ್ಣದಲ್ಲ. ಸರಳವಾದ ಆಂಟೆನಾ ಅಲೆಯನ್ನು ಹಿಡಿದುಕೊಳ್ಳುವ ಕ್ಷೇತ್ರವು ತರಂಗದೂರದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. 800ಕ್ಕೆ ಹೋಲಿಸಿದರೆ 2600ರ ಅಲೆಯ ಉದ್ದ ಮೂರರಲ್ಲಿ ಒಂದು ಭಾಗಕ್ಕಿಂತಲೂ ತುಸು ಕಡಮೆ. ಆದುದರಿಂದ ಅಡೆತಡೆಯಿಲ್ಲದ ಬಯಲಿನಲ್ಲಿಯೇ ಫೋನಿಗೆ ದಕ್ಕುವ ಶಕ್ತಿ ಸುಮಾರು ಹತ್ತರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಇದರ ಮೇಲೆ ಗೋಡೆಗಳ ಕಾಟ ಬೇರೆ. ಉದ್ದನೆಯ ಅಲೆ ಮೂಲೆಗಳನ್ನು ಬಳಸಿ ಬರಬಲ್ಲದು, ಕಾಂಕ್ರೀಟಿನಲ್ಲಿ ಅಷ್ಟಾಗಿ ಸೊರಗುವುದಿಲ್ಲ. ಗಿಡ್ಡ ಅಲೆ ಬೇಗ ಸೊರಗುತ್ತದೆ. ಚಳಿನಾಡುಗಳ ಹೊಸ ಕಟ್ಟಡಗಳಲ್ಲಿ ಮನೆಯ ಕಾವು ಹೊರಗೆ ಹೋಗದಿರಲೆಂದು ಕಿಟಕಿಯ ಗಾಜಿಗೆ ಕಣ್ಣಿಗೆ ಕಾಣದಷ್ಟು ತೆಳುವಾದ ಲೋಹದ ಲೇಪವನ್ನು ಕೊಡುತ್ತಾರೆ. ಅದು ಕಾವನ್ನು ತಡೆಯುವಂತೆಯೇ ರೇಡಿಯೋ ಅಲೆಗಳನ್ನೂ ಬಹುಮಟ್ಟಿಗೆ ತಡೆಯುತ್ತದೆ.

ಗಿಡ್ಡ ಅಲೆಗಳಿಗೂ ಒಂದು ಗುಣವುಂಟು. ಮೇಲಿನ ಆವೃತ್ತಿಗಳಲ್ಲಿ ವಿಶಾಲವಾದ ಪಟ್ಟಿಗಳು ದೊರೆಯುವುದರಿಂದ ಹೆಚ್ಚು ಮಾಹಿತಿಯನ್ನು ಸಾಗಿಸಬಹುದು. ಆದುದರಿಂದ ದೂರವನ್ನು ಮುಟ್ಟಲು ಉದ್ದನೆಯ ಅಲೆಗಳನ್ನೂ, ಜನಸಂದಣಿಯ ಪೇಟೆಗಳಿಗೆ ಗಿಡ್ಡ ಅಲೆಗಳನ್ನೂ ಕಂಪನಿಗಳು ಬಳಸುತ್ತವೆ.

ಹೆಸರೊಂದು, ಪಟ್ಟಿ ಬೇರೆ

ಆವೃತ್ತಿಗಳ ಒಂದೊಂದು ಪಟ್ಟಿಯನ್ನೂ ಬ್ಯಾಂಡ್ ಎಂದು ಕರೆದು ಅದಕ್ಕೊಂದು ಸಂಖ್ಯೆ ಕೊಟ್ಟಿದ್ದಾರೆ. ಮೋಸಹೋಗುವ ಸ್ಥಳ ಇದೇ. ಭಾರತದಲ್ಲಿಯೂ ಜರ್ಮನಿಯಲ್ಲಿಯೂ “800ರ ಪಟ್ಟಿ” ಎಂಬ ಮಾತು ಬಳಕೆಯಲ್ಲಿದೆ. ಆದರೆ ನಮ್ಮಲ್ಲಿಯದು ಬ್ಯಾಂಡ್ 5. ಗೋಪುರವು ಫೋನಿಗೆ ಕಳುಹಿಸುವುದು 869ರಿಂದ 894 ಮೆಗಾಹರ್ಟ್ಸ್‌ನಲ್ಲಿ. ಅಲ್ಲಿಯದು ಬ್ಯಾಂಡ್ 20. ಗೋಪುರವು ಕಳುಹಿಸುವುದು 791ರಿಂದ 821ರಲ್ಲಿ. ಹಿಂದೆ ಟೆಲಿವಿಷನ್ ಪ್ರಸಾರಕ್ಕೆ ಬಳಕೆಯಾಗುತ್ತಿದ್ದ ಈ ಪಟ್ಟಿಯನ್ನು ಜರ್ಮನಿಯು 2010ರಲ್ಲಿ ಹರಾಜು ಹಾಕಿ, ಮೊದಲು ಹಳ್ಳಿಗಾಡಿಗೆ ಸೇವೆ ಕೊಡಬೇಕೆಂದು ಕಂಪನಿಗಳಿಗೆ ವಿಧಿಸಿತು.

ನಮ್ಮ ಮಾರುಕಟ್ಟೆಗೆಂದೇ ತಯಾರಾದ ಕೆಲವು ಅಗ್ಗದ ಫೋನುಗಳಲ್ಲಿ ಬ್ಯಾಂಡ್ 5 ಮತ್ತು 40 ಇರುತ್ತವೆ, 20 ಇರುವುದಿಲ್ಲ. 1800ರ ಪಟ್ಟಿಯಾದ ಬ್ಯಾಂಡ್ 3 ಎರಡು ದೇಶಗಳಲ್ಲಿಯೂ ಉಂಟು. ನಮ್ಮ ವಿದ್ಯಾರ್ಥಿಯ ಫೋನು ಬೀದಿಯಲ್ಲಿ ಹಿಡಿಯುತ್ತಿದ್ದುದು ಅದನ್ನೇ. ಕೊಠಡಿಯೊಳಗೆ ಆ ಅಲೆ ಸೊರಗಿದಾಗ ಫೋನು ಹಳೆಯ 2ಜಿಗೆ ಜಾರುತ್ತಿತ್ತು. ನಡುವಿನ ಮೆಟ್ಟಿಲಾದ 3ಜಿಯನ್ನು ಜರ್ಮನಿಯ ಕಂಪನಿಗಳು 2021ರಲ್ಲಿಯೇ ಮುಚ್ಚಿದ್ದವು. 2ಜಿಯಲ್ಲಿ ಮಾತು ಸಾಗಬಹುದು. ಅಂತರಜಾಲವು ಹೆಸರಿಗೆ ಮಾತ್ರ. ಗೆರೆಗಳು ತುಂಬಿದ್ದರೂ ಸಂದೇಶ ಬಾರದಿದ್ದುದರ ರಹಸ್ಯ ಇಷ್ಟೆ.

ಆದುದರಿಂದ ಫೋನು ಕೊಳ್ಳುವ ಮುನ್ನ ಬೆಲೆಯ ಚೀಟಿಯ ಜೊತೆಗೆ ಬ್ಯಾಂಡುಗಳ ಪಟ್ಟಿಯನ್ನೂ ಓದಬೇಕು. ಒಂದೇ ಹೆಸರಿನ ಫೋನು ಬೇರೆ ಬೇರೆ ದೇಶಗಳಿಗೆ ಬೇರೆ ಬೇರೆ ಮಾದರಿಯಾಗಿ ಬರುವುದುಂಟು. ಪೆಟ್ಟಿಗೆಯ ಮೇಲಿನ ಮಾದರಿ ಸಂಖ್ಯೆಯನ್ನು ಹಿಡಿದು ತಯಾರಕರ ವಿವರಪಟ್ಟಿಯಲ್ಲಿ ನೋಡಬೇಕು. ಜರ್ಮನಿಗೆ ಹೋಗುವವರಿಗೆ 3, 7, 8, 20, 28. ಅಮೆರಿಕಕ್ಕೆ ಹೋಗುವವರಿಗೆ 2, 4, 12, 13, 66, 71 ಮುಖ್ಯವಾದುವು. ತಕ್ಕ ಫೋನು ಇಲ್ಲಿ ದೊರೆಯದಿದ್ದರೆ, ಇರುವ ಹಳೆಯ ಫೋನಿನಿಂದ ಮೊದಲ ವಾರವನ್ನು ಕಳೆದು ಅಲ್ಲಿಯೇ ಕೊಳ್ಳುವುದು ಲೇಸು.

ಮನೆಯಲ್ಲಿ ಮಾಡಿ ನೋಡಿ

ಮೊಬೈಲನ್ನು ಬಿಗಿಯಾದ ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿಟ್ಟು ಇನ್ನೊಂದು ಫೋನಿನಿಂದ ಕರೆಯಿರಿ. ಅನೇಕ ವೇಳೆ ಅದು ಬಾರಿಸುತ್ತದೆ! ಮುಚ್ಚಳದ ಸುತ್ತಲಿನ ಸಂದಿನಿಂದ ಸ್ವಲ್ಪ ಅಲೆ ಒಳಗೆ ನುಗ್ಗುವುದೇ ಕಾರಣ. ಈಗ ಫೋನನ್ನು ಅಡಿಗೆಮನೆಯ ಅಲ್ಯೂಮಿನಿಯಂ ಹಾಳೆಯಲ್ಲಿ ಸಂದಿಲ್ಲದಂತೆ ಎರಡು ಮೂರು ಸುತ್ತು ಸುತ್ತಿ ಮತ್ತೆ ಕರೆಯಿರಿ. ಲೋಹದ ಕಿಟಕಿಯ ಹಿಂದೆ ಕುಳಿತ ವಿದ್ಯಾರ್ಥಿಯ ಸ್ಥಿತಿ ನಿಮಗೆ ತಿಳಿಯುವುದು.

ಸಿಮ್ ಕಾರ್ಡೆಂದರೇನು?

ಸಿಮ್ ಕಾರ್ಡು ಬರಿಯ ಸಂಖ್ಯೆಯ ಚೀಟಿಯಲ್ಲ. ಅದೊಂದು ಪುಟ್ಟ ಗಣಕ. ಮೊದಲ ಸಿಮ್ ಕಾರ್ಡುಗಳು ಜರ್ಮನಿಯ ಮ್ಯೂನಿಕ್ ನಗರದ ಕಂಪನಿಯೊಂದರಲ್ಲಿ 1991ರಲ್ಲಿ ತಯಾರಾಗಿ ಫಿನ್‌ಲೆಂಡಿಗೆ ಹೋದುವು. ಕಾರ್ಡಿನೊಳಗೆ ಒಂದು ಗುರುತಿನ ಸಂಖ್ಯೆ ಇರುತ್ತದೆ. ಅದರ ಮೊದಲ ಮೂರು ಅಂಕಿಗಳು ದೇಶವನ್ನು ಹೇಳುತ್ತವೆ: ಭಾರತಕ್ಕೆ 404 ಅಥವಾ 405, ಜರ್ಮನಿಗೆ 262. ಇದರ ಜೊತೆಗೆ, ಕಂಪನಿಗೂ ಕಾರ್ಡಿಗೂ ಮಾತ್ರ ತಿಳಿದಿರುವ ಒಂದು ಗುಟ್ಟಿನ ಕೀಲಿಯುಂಟು. ಜಾಲವು ಪ್ರತಿ ಸಲವೂ ಹೊಸದೊಂದು ಸಂಖ್ಯೆಯನ್ನು ಕಳುಹಿಸುತ್ತದೆ. ಕಾರ್ಡು ಅದನ್ನು ತನ್ನ ಕೀಲಿಯೊಡನೆ ಬೆರೆಸಿ ಲೆಕ್ಕ ಮಾಡಿ ಉತ್ತರವನ್ನಷ್ಟೇ ಹಿಂದಿರುಗಿಸುತ್ತದೆ. ಹೀಗೆ ಕೀಲಿಯು ಗಾಳಿಯಲ್ಲಿ ಎಂದೂ ಹಾರುವುದಿಲ್ಲ; ಕದ್ದು ಕೇಳುವವನಿಗೆ ದಕ್ಕುವುದೂ ಇಲ್ಲ.

ಭಾರತದ ಸಿಮ್ ಜರ್ಮನಿಯಲ್ಲಿ ಎಚ್ಚರಗೊಂಡಾಗ ಅಲ್ಲಿಯ ಜಾಲವು 404ನ್ನು ಕಂಡು, “ಈತನು ನಿಮ್ಮವನೇ?” ಎಂದು ಭಾರತದ ಕಂಪನಿಯನ್ನು ವಿಚಾರಿಸುತ್ತದೆ. ಇದೇ ರೋಮಿಂಗ್. ಎರಡು ಕಂಪನಿಗಳ ಸೇವೆ ಕೂಡಿರುವುದರಿಂದ ವೆಚ್ಚವೂ ಹೆಚ್ಚು. ವರ್ಷಗಟ್ಟಲೆ ಇರುವವನಿಗೆ ಸ್ಥಳೀಯ ಸಿಮ್ ಅನಿವಾರ್ಯ.

ಜರ್ಮನಿಯಲ್ಲಿ 1 ಜುಲೈ 2017ರಿಂದ ಮುಂಗಡ ಹಣದ ಸಿಮ್ಮಿಗೂ ಗುರುತನ್ನು ಪರಿಶೀಲಿಸುವುದು ಕಡ್ಡಾಯವಾಗಿದೆ. ಪಾಸ್‌ಪೋರ್ಟನ್ನೂ ಇಳಿದುಕೊಂಡಿರುವ ವಿಳಾಸವನ್ನೂ ಸಿದ್ಧವಾಗಿಟ್ಟುಕೊಳ್ಳಬೇಕು. ದಿನಸಿ ಮಾರುವ ದೊಡ್ಡ ಅಂಗಡಿಗಳಲ್ಲಿಯೂ ಅಗ್ಗದ ಸಿಮ್ ದೊರೆಯುತ್ತದೆ. ಈ ಅಂಗಡಿಗಳಿಗೆ ಸ್ವಂತ ಗೋಪುರಗಳಿಲ್ಲ, ದೊಡ್ಡ ಕಂಪನಿಗಳ ಜಾಲವನ್ನೇ ಬಾಡಿಗೆಗೆ ಪಡೆದಿರುತ್ತವೆ. ಯಾರ ಜಾಲವೆಂದು ವಿಚಾರಿಸಿ, ಅದು ನಮ್ಮ ಕೊಠಡಿಯಲ್ಲಿ ಸಿಕ್ಕುವುದೇ ಎಂದು ನೆರೆಯವರ ಫೋನಿನಲ್ಲಿ ನೋಡಿ ಕೊಂಡರೆ ಕ್ಷೇಮ. ಜರ್ಮನಿಯಲ್ಲಿ 2009ರಿಂದ ಸಿಮ್ ಇಲ್ಲದ ಫೋನಿನಿಂದ ತುರ್ತುಸಂಖ್ಯೆಯಾದ 112ನ್ನೂ ಕರೆಯಲಾಗದು. ಆದುದರಿಂದ ಸಿಮ್ ಕೊಳ್ಳುವುದನ್ನು ಮುಂದೂಡಬಾರದು.

ಸ್ವಲ್ಪ ಅಂಕಗಣಿತ

“ಒಂದು ಯೂರೋಗೆ ಹೊಸ ಫೋನು” ಎಂಬ ಜಾಹೀರಾತು ಅಲ್ಲಿ ಕಣ್ಣಿಗೆ ಬೀಳುತ್ತದೆ. ಅದರ ಜೊತೆಗೆ ಸಾಮಾನ್ಯವಾಗಿ 24 ತಿಂಗಳ ಒಪ್ಪಂದವಿರುತ್ತದೆ. ಉದಾಹರಣೆಗಾಗಿ ತಿಂಗಳಿಗೆ 30 ಯೂರೋ ಎಂದಿಟ್ಟುಕೊಳ್ಳೋಣ. ಆಗ ಫೋನಿನ ನಿಜವಾದ ವೆಚ್ಚ 1 + 24 × 30, ಎಂದರೆ 721 ಯೂರೋ. ಇದರ ಬದಲು 150 ಯೂರೋ ಕೊಟ್ಟು ಸಾಧಾರಣ ಫೋನೊಂದನ್ನು ಕೊಂಡು, ನಾಲ್ಕು ವಾರಕ್ಕೆ 10 ಯೂರೋ ಮುಂಗಡ ಸಿಮ್ಮನ್ನು ಹಾಕಿದೆವೆನ್ನೋಣ. ಇಲ್ಲಿ ಎಚ್ಚರವಿರಲಿ: ನಾಲ್ಕು ವಾರ ಒಂದು ತಿಂಗಳಲ್ಲ. ನಮ್ಮ ಊರಿನ 28 ದಿನದ ರೀಚಾರ್ಜಿನಂತೆ, ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಸಲ ತೆರಬೇಕು. ಎರಡು ವರ್ಷಕ್ಕೆ 26 ಸಲ, 260 ಯೂರೋ. ಫೋನು ಸೇರಿ 410. ಉಳಿತಾಯ 311 ಯೂರೋ.

ಇನ್ನೊಂದು ಭೇದವೂ ಉಂಟು. ಓದು ಬೇಗ ಮುಗಿದು ಊರಿಗೆ ಮರಳಿದರೂ ಒಪ್ಪಂದವು ತಾನಾಗಿ ಮುಗಿಯುವುದಿಲ್ಲ. ಮುಂಗಡ ಸಿಮ್ಮಿನಲ್ಲಿ ಈ ಹೊರೆಯಿಲ್ಲ. ವಿಶ್ವವಿದ್ಯಾಲಯಗಳಲ್ಲಿ ‘ಎಡುರೋಮ್’ ಎಂಬ ವೈ-ಫೈ ವ್ಯವಸ್ಥೆ ಬಹುಮಟ್ಟಿಗೆ ಎಲ್ಲೆಡೆಯೂ ಇದೆ. ಹಗಲೆಲ್ಲ ಅಲ್ಲಿಯೇ ಇರುವ ವಿದ್ಯಾರ್ಥಿಗೆ ದೊಡ್ಡ ಡೇಟಾ ಯೋಜನೆಯ ಅಗತ್ಯವೇ ಬೀಳದು. 2017ರ ಜೂನ್ 15ರಿಂದ ಐರೋಪ್ಯ ಒಕ್ಕೂಟದ ಇತರ ದೇಶಗಳಲ್ಲಿ ಅಲ್ಪಕಾಲದ ಪ್ರವಾಸಕ್ಕೆ ಹೆಚ್ಚಿನ ರೋಮಿಂಗ್ ದರವಿಲ್ಲ. ಆದರೆ ನೆರೆಯ ಸ್ವಿಟ್ಸರ್ಲೆಂಡ್ ಆ ಒಕ್ಕೂಟಕ್ಕೆ ಸೇರಿಲ್ಲವೆಂಬುದನ್ನು ಗಡಿ ದಾಟುವಾಗ ನೆನೆಯಬೇಕು.

ಬಳಸಿದ ಫೋನು

ಹಣದ ಬಿಗಿಯಿರುವವರು ಬಳಸಿದ ಫೋನನ್ನು ಕೊಳ್ಳುವುದರಲ್ಲಿ ತಪ್ಪಿಲ್ಲ. ಮೂರು ಪರೀಕ್ಷೆಗಳನ್ನು ಮಾಡಬೇಕು. ನಮ್ಮ ಸಿಮ್ಮನ್ನು ಹಾಕಿ ಕರೆ ಹೋಗುವುದೇ ಎಂದು ನೋಡುವುದು ಮೊದಲನೆಯದು; ಕೆಲವು ಫೋನುಗಳು ಒಂದೇ ಕಂಪನಿಗೆ ಬೀಗ ಹಾಕಲ್ಪಟ್ಟಿರುತ್ತವೆ. ಎರಡನೆಯದು, *#06# ಎಂದು ಒತ್ತಿದಾಗ ಕಾಣುವ 15 ಅಂಕಿಗಳ ಐಎಂಇಐ ಸಂಖ್ಯೆಯು ಪೆಟ್ಟಿಗೆಯ ಹಾಗೂ ರಸೀತಿಯ ಸಂಖ್ಯೆಯೊಡನೆ ಹೊಂದುವುದೇ ಎಂದು ತಾಳೆ ನೋಡುವುದು. ಹೊಂದದಿದ್ದರೆ ಕಳವಿನ ಮಾಲಿರಬಹುದು. ಮೂರನೆಯದು ಬ್ಯಾಟರಿ. ಲಿಥಿಯಂ ಬ್ಯಾಟರಿಯು ಬಳಸಿದಷ್ಟೂ ಸವೆಯುತ್ತದೆ, ಕೊರೆಯುವ ಚಳಿಯಲ್ಲಿ ಇನ್ನೂ ಬೇಗ ಸೋಲುತ್ತದೆ. ಬೀದಿಯ ಅಪರಿಚಿತನಿಗಿಂತ ಅಂಗಡಿಯವನಲ್ಲಿ ಕೊಂಡರೆ, ಬಳಸಿದ ಸರಕಿಗೂ ಕಾನೂನಿನಂತೆ ಅಲ್ಲಿ ಕನಿಷ್ಠ ಒಂದು ವರ್ಷದ ಹೊಣೆಯುಂಟು.

ಊರಿನ ಸಂಖ್ಯೆಯನ್ನು ಮರೆಯಬೇಡಿ

ಕಡೆಯದಾಗಿ ಒಂದು ಮಾತು. ಬ್ಯಾಂಕಿನಲ್ಲಿ ಕೊಟ್ಟಿರುವ ಭಾರತದ ಸಂಖ್ಯೆಯನ್ನು ಬಿಡಬಾರದು. ಶಿಕ್ಷಣಸಾಲದ ಕಂತಿಗೂ ಹಣ ತರಿಸಿಕೊಳ್ಳುವುದಕ್ಕೂ ಬೇಕಾದ ಓಟಿಪಿ ಬರುವುದು ಆ ಸಂಖ್ಯೆಗೇ. ಎರಡು ಸಿಮ್ ಹಿಡಿಯುವ ಫೋನನ್ನೇ ಆರಿಸಿ, ವಿಮಾನ ಹತ್ತುವ ಮುನ್ನ ಭಾರತದ ಸಿಮ್ಮಿನ ರೋಮಿಂಗನ್ನು ತೆರೆಯಿಸಿ, ಅದರ ಡೇಟಾವನ್ನು ಮಾತ್ರ ಮುಚ್ಚಿಡಬೇಕು. ಸಂದೇಶ ಸ್ವೀಕರಿಸಲು ಸಾಮಾನ್ಯವಾಗಿ ಹಣ ಬೀಳುವುದಿಲ್ಲ. ತಮ್ಮ ಕಂಪನಿಯನ್ನು ಒಮ್ಮೆ ಕೇಳಿ ಖಚಿತಪಡಿಸಿಕೊಂಡರಾಯಿತು. ಕಾಲಕಾಲಕ್ಕೆ ರೀಚಾರ್ಜು ಮಾಡದೆ ಬಿಟ್ಟರೆ ಕಂಪನಿಯು ಆ ಸಂಖ್ಯೆಯನ್ನು ರದ್ದುಮಾಡಿ ಬೇರೊಬ್ಬರಿಗೆ ಕೊಡಬಹುದು. ಆಗ ನಮ್ಮ ಬ್ಯಾಂಕಿನ ಗುಟ್ಟು ಪರರ ಕೈಗೆ ಹೋದಂತೆ.

ನಮ್ಮ ವಿದ್ಯಾರ್ಥಿಗೆ ಒಂದು ತಿಂಗಳ ತರುವಾಯ ಬೇರೊಂದು ಕೋಣೆ ಸಿಕ್ಕಿತು. ಅಷ್ಟರಲ್ಲಿ ಅವನು ಅಲ್ಲಿಯೇ ಬಳಸಿದ ಫೋನೊಂದನ್ನು ಕೊಂಡಿದ್ದನು, ಈ ಸಲ ಬ್ಯಾಂಡುಗಳ ಪಟ್ಟಿಯನ್ನು ಓದಿ. ಈಗ ಪ್ರತಿ ವರ್ಷವೂ ಹರ್ಟ್ಸನ ಪಾಠ ಮುಗಿದೊಡನೆ, ಜೇಬಿನ ಫೋನಿಗೆ ಯಾವ ಯಾವ ಬ್ಯಾಂಡುಗಳು ಕೇಳಿಸುತ್ತವೆ ಎಂಬುದನ್ನು ಬರೆದು ತರುವಂತೆ ತರಗತಿಗೆ ನಾವು ಹೇಳುತ್ತೇವೆ. ವಾಚಕರೂ ಇಂದು ರಾತ್ರಿ ಅದನ್ನು ಮಾಡಬಹುದು.